ಸೆರಗಿನ ಮೇಲೆ ಹುಟ್ಟಿದ ಕೆಂಪು

ನನ್ನ ಹೆಂಡತಿ ಗಂಗಲಕ್ಷ್ಮಮ್ಮನನ್ನು ಅಂಗಡಿಯವನ ಲೆಕ್ಕದಲ್ಲಿ ಹೇಳುವುದಾದರೆ: ನೇಯ್ಗೆ ಗಟ್ಟಿ, ಬಣ್ಣ ಪಕ್ಕಾ, ಅಂಚು ಮಾತ್ರ ಹರಿತ! ಮೂವತ್ತು ವರ್ಷದಲ್ಲಿ ಒಂದು ಎಳೆ ಸಡಿಲಾಗಿಲ್ಲ, ಸಡಿಲಾದದ್ದೆಲ್ಲ ನನ್ನದೇ. ಇಂಥ ಮಾಲು ಆರಿಸಿ ತಂದವನು, ದೊಡ್ಡಬಳ್ಳಾಪುರದಲ್ಲಿ ಸೀರೆ ಅಂಗಡಿ ಇಟ್ಟವನು, ಬಟ್ಟೆಯ ವಿಷಯದಲ್ಲಿ ತಪ್ಪುವುದುಂಟೇ? ಆ ಬೆಳಿಗ್ಗೆ ಘೋಷಿಸಿಯೇಬಿಟ್ಟೆ: "ತಟ್ಟೆ ನಾನೇ ಜೋಡಿಸ್ತೀನಿ. ಯಾರೂ ಸೀರೆ ಮುಟ್ಟಬೇಡಿ!"

ಮಗ ಸುನಿಲ್‌ಕುಮಾರನ ನಿಶ್ಚಿತಾರ್ಥ. ಮಧ್ಯಾಹ್ನ ಎರಡಕ್ಕೆ ಅರಿಶಿನಕುಂಟೆಯ ಬೀಗರ ಮನೆಗೆ ಹೊರಡಬೇಕು. ತಟ್ಟೆಯಲ್ಲಿದ್ದದ್ದು ಹುಡುಗಿ ತಾನೇ ಬಣ್ಣ ಹೇಳಿ, ನಮ್ಮ ನೇಕಾರ ಬೈರೇಶ್ ನೇಯ್ದುಕೊಟ್ಟ ರೇಷ್ಮೆ: ಕೆನೆಬಣ್ಣ, ಕೆಂಪು ಅಂಚು. ಅಂಥದ್ದು ಇನ್ನೊಂದಿಲ್ಲ. ಅದರ ಸೆರಗಿನ ಮೇಲೆ ಕಲಸಿದ ಅರಿಶಿನದ ಬಟ್ಟಲನ್ನು ನನ್ನ ಮೊಣಕೈ ಮಗುಚಿತು!

ಸದ್ದಿಲ್ಲದೆ ಬಚ್ಚಲಿಗೆ ಓಡಿ ಬಟ್ಟೆ ಸೋಪು ತಿಕ್ಕಿದೆ. ಹಳದಿ ಕಲೆ ಕೆಂಪಾಯಿತು. ಇನ್ನಷ್ಟು ತಿಕ್ಕಿದೆ. ಸೆರಗಿನ ಮೇಲೆ ಕೋಳಿ ಕೊಯ್ದಂತೆ ರಕ್ತಗೆಂಪು!

ಅಪರಾಧಿ ಯಾರೆಂದು ನನ್ನ ವ್ಯಾಪಾರಿ ಬುದ್ಧಿಗೆ ತಕ್ಷಣ ಹೊಳೆಯಿತು. ಫೋನ್ ಹಚ್ಚಿದೆ.

"ಲೇ ಬೈರೇಶಾ, ನಿನ್ನ ಅಂಚು ಬಣ್ಣ ಬಿಟ್ಟಿದೆ ಕಣೋ!"

"ನನ್ನ ಅಂಚು ಬಣ್ಣ ಬಿಡಲ್ಲ ಅಣ್ಣಾ."

"ಬಿಟ್ಟಿದೆ! ಇನ್ಮೇಲೆ ನಿನ್ನ ಹತ್ರ ಒಂದು ಸೀರೆನೂ ತಗೊಳಲ್ಲ!"

ಆ ಅಬ್ಬರಕ್ಕೆ ಗಂಗಲಕ್ಷ್ಮಮ್ಮ ಬಂದಳು, ಕೈಯಲ್ಲಿ ಮಗುಚಿದ ಅರಿಶಿನದ ಬಟ್ಟಲು. ಕೂಗಲಿಲ್ಲ. ಅದೇ ಭಯಂಕರ!

"ರೀ, ಅಂಚಿಗೆ ನೀರು ಸೋಕಿದ್ಯಾ?"

"ಇಲ್ಲ."

"ಮತ್ತೆ ಬಣ್ಣ ನಡ್ಕೊಂಡು ಬಂತಾ?"

ಒದ್ದೆ ಬಿಳಿ ಟವೆಲನ್ನು ಅಂಚಿಗೆ ಒತ್ತಿ ತೆಗೆದಳು. ಟವೆಲು ಬೆಳ್ಳಗೇ ಇತ್ತು.

"ಅರಿಶಿನ ಬಿದ್ದ ಕಡೆ ಮಾತ್ರ ಕೆಂಪು. ಆಚೆ ಒಂದು ಚುಕ್ಕೆ ಇಲ್ಲ. ಇದು ಎಲ್ಲಿಂದಲೋ ಕರಗಿ ಬಂದ ಬಣ್ಣ ಅಲ್ಲ, ಇಲ್ಲೇ ಹುಟ್ಟಿದ್ದು. ಆರತಿಗೆ ಓಕುಳಿ ಮಾಡೋವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಏನಾಗುತ್ತೆ?"

"ಕೆಂಪಾಗುತ್ತೆ."

"ಸೋಪೂ ಆ ಸುಣ್ಣದ ತಮ್ಮನೇ!"

ಸೋಪು ತೊಳೆದು, ಅರ್ಧ ನಿಂಬೆಹಣ್ಣು ಹಿಂಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಮಾಯ!

"ಅಯ್ಯೋ, ಹಳದಿ ವಾಪಸ್ ಬಂತಲ್ಲೇ!"

"ಬರ್ಲಿ. ಅದಕ್ಕೆ ಮದ್ದು ಬಿಸಿಲು."

ಇನ್ನೊಮ್ಮೆ ಜಾಲಿಸಿ, ಸೆರಗನ್ನು ತಾರಸಿಯ ಬಿಸಿಲಿಗೆ ಹರವಿದಳು. ಊರಿನ ಪ್ರಸಿದ್ಧ ವರ್ತಕನಾದ ನನ್ನನ್ನು ಕಾಗೆ ಓಡಿಸಲು ನಿಲ್ಲಿಸಿದಳು! ಹಳದಿ ಮೆಲ್ಲಗೆ ಪೇಲವವಾಯಿತು. ಒಂದೂವರೆಗೆ ನೋಡಿದರೆ, ಅಪ್ಪಟ ಕೆನೆಬಣ್ಣ!

"ಗೆದ್ದೆವು!" ಕುಣಿದೇಬಿಟ್ಟೆ.

"ಆಮೇಲೆ ಕುಣೀರಿ. ಮೊದ್ಲು ಬೈರೇಶಂಗೆ ಫೋನ್ ಮಾಡಿ."

ಮಾಡಿದೆ. ತಪ್ಪಾಯ್ತು ಅಂದೆ. ಅವನು ನಕ್ಕ ನಗು ಮಾಕಳಿದುರ್ಗದ ತುದಿಗೂ ಕೇಳಿಸಿರಬೇಕು.

ಅರಿಶಿನಕುಂಟೆಯಲ್ಲಿ ಹುಡುಗಿ ಆ ಸೀರೆ ಉಟ್ಟು ಬಂದಾಗ ಇಡೀ ಹಾಲ್ ಅವಳತ್ತ ತಿರುಗಿತು. ಬೀಗರಾದ ಅಪ್ಪಯ್ಯಣ್ಣ ನನ್ನ ಬೆನ್ನು ತಟ್ಟಿ, "ಸೀರೆ ಅಂದ್ರೆ ಇದು! ನೋಡ್ರಪ್ಪಾ, ಬಟ್ಟೆ ಮರ್ಮ ಗೊತ್ತಿರೋರು ಅಂದ್ರೆ ಇವರು!" ಎಂದರು. ಎದುರಿನ ಸಾಲಿನಿಂದ ಗಂಗಲಕ್ಷ್ಮಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಫ್ಯಾನು ನೋಡಿದೆ.

ಸೀರೆ ಉಳಿಸಿದ್ದು ಅವಳು. ಅಲ್ಲೇ, ಎಲ್ಲರೆದುರು ಹೇಳಬೇಕಿದ್ದ ಆ ಒಂದು ಮಾತು ನಾನು ಅವಳಿಗೆ ಇನ್ನೂ ತೀರಿಸದ ಬಾಕಿ.