ಟವಲ್ ಕೆಳಗಿನ ಸಕ್ಕರೆ

ನಮ್ಮ ಹಿಂದೂಪುರದಲ್ಲಿ ನಮ್ಮನೆಯೋರಷ್ಟು ಕಟ್ಟುನಿಟ್ಟಾಗಿ ಸಕ್ಕರೆ ಬಿಟ್ಟೋರು ಇನ್ನೊಬ್ಬರಿಲ್ಲ. ನಾನು ಹೇಳ್ತಿಲ್ಲ, ಅವರೇ ದಿನಾ ಹೇಳ್ಕೊಂತಾರೆ. ಹೆಸರು ಮಾತ್ರ ಕೇಳ್ಬೇಡಿ. ಮದುವೇಲಿ ಎಲ್ಲರೂ ಅಡ್ಡ ನಿಂತು ಒಂದ್ಸಲ ಹೇಳಿಸಿದ್ರು, ಅಷ್ಟೇ. ಈಗ ಮೊಮ್ಮಗಳು ಫೋನಲ್ಲಿ ಟೈಪ್ ಮಾಡೋದು ಕಲಿಸವ್ಳಲ್ಲ, ಬಾಯಲ್ಲಿ ಹೇಳದ ಹೆಸರನ್ನ ಬೆರಳಲ್ಲಿ ಹೇಳ್ಬೋದಾ ಅಂತ ಯೋಚನೆ ಮಾಡ್ದೆ. ಬೇಡ ಅನ್ನಿಸ್ತು.

ಅವರು ಹುಣಸೇಹಣ್ಣಿನ ವ್ಯಾಪಾರದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋರು. ಆ ಕಾಲದಲ್ಲಿ ಮಂಡೀಲಿ ರೇಟನ್ನ ಬಾಯಲ್ಲಿ ಹೇಳ್ತಿರಲಿಲ್ಲ. ಟವಲ್ ಕೆಳಗೆ ಕೈಗೆ ಕೈ ಸೇರ್ಸಿ, ಬೆರಳು ಅದುಮಿ ಹೇಳೋರು. ಪಕ್ಕದಲ್ಲಿ ನಿಂತೋರಿಗೆ ಗುಟ್ಟು ಗೊತ್ತಾಗಬಾರ್ದಲ್ಲ? ವ್ಯಾಪಾರ ಬಿಟ್ಟು ಯಾವುದೋ ಕಾಲ ಆಯ್ತು. ಟವಲ್ ಮಾತ್ರ ಹೆಗಲಿಂದ ಇಳಿದಿಲ್ಲ.

ಹೋದ ವರ್ಷ ಅವರ ಕಾಲು ಬೆರಳಲ್ಲಿ ಒಂದು ಗಾಯ ಆಯ್ತು. ಏನು ಹಚ್ಚಿದ್ರೂ ಮಾಯಲಿಲ್ಲ. "ಸಕ್ಕರೆ ಇಳಿಸ್ಕೊಳ್ಳಿ, ಇಲ್ಲಾಂದ್ರೆ ಬೆರಳು ತೆಗೀಬೇಕಾಯ್ತದೆ" ಅಂದ್ಬುಟ್ರು ಡಾಕ್ಟರು. ಅವತ್ತಿಂದ ಬೀದಿ ಕೊನೆ ಹೋಟ್ಲಿಗೆ ಹೋದಾಗೆಲ್ಲ ಇವರು ತೆಲುಗಲ್ಲಿ "ಚಕ್ಕೆರ ವದ್ದಪ್ಪಾ" ಅಂತ ಸಾರೋರು. ಸಕ್ಕರೆ ಬೇಡ ಅನ್ನೋದು ಹೋಟ್ಲೋನಿಗಲ್ಲ, ಬಸ್ ಸ್ಟ್ಯಾಂಡಿಗೇ ಕೇಳಿಸ್ಬೇಕು. ಆದ್ರೂ ಗಾಯ ಹಂಗೇ. ರಕ್ತ ಪರೀಕ್ಷೆ ಮಾಡ್ಸಿದ್ರೆ ಸಕ್ಕರೆ ಇನ್ನೂ ಮೇಲಕ್ಕೆ. ಇದೇನು ಶಿವನ ಆಟ?

ಹೋಟ್ಲಿಗೆ ದಿನಾ ನಾನೂ ಜೊತೆಗೆ ಹೋಗ್ತೀನಲ್ಲ, ಒಂದಿನ ಲೋಟ ಅದ್ಲುಬದ್ಲಾಯ್ತು. ನನ್ನ ಕಾಫಿ ಅವರಿಗೆ ಹೋಯ್ತು, ಅವರ ಸಕ್ಕರೆ ಇಲ್ಲದ ಕಾಫಿ ನನ್ನ ಬಾಯಿಗೆ ಬಂತು. ಅದು ಕಾಫೀನಾ, ಪಾಯಸಾನಾ? ಗೋಡಂಬಿ ಒಂದು ಕಮ್ಮಿ ಅಷ್ಟೇ.

ಮಾರನೇ ದಿನ ಕಣ್ಣಿಟ್ಟು ನೋಡ್ದೆ. ಬಾಯಿ "ವದ್ದು" ಅಂತಿತ್ತು. ಟವಲು ಹೆಗಲಿಂದ ಜಾರಿ ಗಲ್ಲಾಪೆಟ್ಟಿಗೆ ಮೇಲೆ ಬಿತ್ತು. ಅದರ ಕೆಳಗೆ ಇವರ ಕೈ, ಹೋಟ್ಲೋನ ಕೈ. ಅವನೂ ಮಂಡಿಗೆ ಕಾಫಿ ಹೊತ್ತು ದೊಡ್ಡೋನಾದೋನು, ಬೆರಳಿನ ಭಾಷೆ ಬತ್ತದೆ.

ಅದರ ಮಾರನೇ ದಿನ ಹೋಟ್ಲೋನಿಗೆ ಸನ್ನೆ ಮಾಡಿ, ಅವನ ಕೈ ಬದಲು ನನ್ನ ಕೈ ತೂರಿಸ್ದೆ. ಇವರು ಬೀದಿ ಕಡೆ ಮುಖ ಮಾಡ್ಕೊಂಡು ಮೂರು ಬೆರಳು ಅದುಮಿದ್ರು. ಮೂರು ಚಮಚ. ಆಮೇಲೆ ಬಳೆ ತಗುಲ್ತು.

"ಯಾರದು?"

"ಕೊಳ್ಳೋ ಪಾರ್ಟಿ ಕಣ್ರೀ. ನನ್ನ ರೇಟು ಒಂದು."

"ಒಂದಕ್ಕೆ ಗಿಟ್ಟಲ್ಲ ಕಣೆ."

"ಬೆರಳು ಹೋದ್ರೆ ಗಿಟ್ಟತದಾ?"

ಹೋಟ್ಲೋನು ನಗು ತಡೀಲಾರದೆ ಒಳಗೋದ. ಅವತ್ತು ಎರಡಕ್ಕೆ ವ್ಯಾಪಾರ ಮುಗೀತು.

ಒಂದು ಮಾತು ಹೇಳ್ತೀನಿ, ನಗಬೇಡಿ. ನಾಲ್ಕು ಜನರ ಎದುರಿಗೆ ಅವರು ನನ್ನ ಕೈ ಹಿಡಿದಿದ್ದು, ಧಾರೆ ಎರೆದಾಗ ಬಿಟ್ರೆ, ಅದೇ. ಅದೂ ಟವಲ್ ಕೆಳಗೆ, ಸಕ್ಕರೆ ನೆಪದಲ್ಲಿ. ಆಮೇಲೆ ದಿನಾ ಚೌಕಾಸಿ. ಎರಡು ಒಂದಾಯ್ತು, ಒಂದು ಅರ್ಧ ಆಯ್ತು. ಅರ್ಧ ಅಂದ್ರೆ ಮಡಿಸಿದ ಬೆರಳು.

ಆಗ ಕಲ್ಯಾಣದುರ್ಗಕ್ಕೆ ಮಗಳ ಮನೆಗೆ ಹೋದ್ವಿ. ಅಲ್ಲೊಂದು ಹೊಸ ಎಸಿ ಕಾಫಿ ಅಂಗಡಿ. ಮಗಳು ಸ್ಕೂಟಿ ನಿಲ್ಲಿಸಿ ಬರೋದ್ರೊಳಗೆ ಇವರು ಗೋಡೆ ಮೇಲಿನ ಚಿತ್ರಕ್ಕೆ ಬೆರಳು ತೋರ್ಸಿಯೇಬಿಟ್ಟಿದ್ರು. ಮೊಳದುದ್ದ ಲೋಟ ಬಂತು. ತಣ್ಣನೆ ಕಾಫಿ, ಮೇಲೆ ಐಸ್‌ಕ್ರೀಮು, ಅದರ ಮೇಲೆ ಕೆನೆ, ಕೆನೆ ಮೇಲೆ ಚಾಕ್ಲೇಟ್ ಪಾಕ.

"ಒಂದು ಚಮಚ ಸಕ್ಕರೆ ಹಾಕಿಲ್ಲ ಕಣಮ್ಮ, ನಾನೇ ನಿಂತು ನೋಡ್ದೆ" ಅಂದ್ರು ಮಗಳಿಗೆ.

"ಅಪ್ಪಾ, ಇದರಲ್ಲಿ ಒಂದೂಟದಷ್ಟು ಕ್ಯಾಲರಿ ಐತೆ."

"ಹಂಗಾದ್ರೆ ಊಟ ಬಿಡ್ತೀನಿ. ಇನ್ನೊಂದು ತರ್ಸು."

ಮಗಳು ಲೋಟ ಎಳ್ಕೊಂಡ್ಲು. "ಡಿಕಾಕ್ಷನ್ನು ಪಾಪ ಏನೂ ಮಾಡಲ್ಲಪ್ಪಾ. ಜೊತೆಗೆ ಸುರೀತೀವಲ್ಲ, ಅದರಲ್ಲೇ ಎಲ್ಲಾ ಬಚ್ಚಿಟ್ಕೊಂಡಿರ್ತದೆ. ನೀನು ಹುಣಸೇಹಣ್ಣಿನ ಮೂಟೆಗೆ ಕೈ ಹಾಕಿ, ತೂಕಕ್ಕೆ ಅಂತ ಒಳಗೆ ಬಚ್ಚಿಟ್ಟ ಬೀಜ ಹುಡುಕ್ತಿದ್ದಲ್ಲ, ಹಂಗೇ ಇದೂ."

ಇವರು ಲೋಟನ ವಾಪಸ್ ಇಸ್ಕೊಂಡು ಬೆಳಕಿಗೆ ಹಿಡಿದು ನೋಡಿದ್ರು. "ಒಳ್ಳೆ ಮಾಲು. ಬೀಜ ಕಾಣಂಗೇ ಇಲ್ಲ."

ಅಷ್ಟೇ. ಗಾಯ ಮಾಯೋ ತನಕ ಅಪ್ಪ ನನ್ನ ಕಣ್ಣ ಮುಂದೇನೇ ಇರ್ಬೇಕು ಅಂತ ಮಗಳು ಹಿಡಿದಿಟ್ಕೊಂಡ್ಲು. ನಾನು ಇರೋಣ ಅಂದ್ರೆ ಇಲ್ಲಿ ಹಿಂದೂಪುರದಲ್ಲಿ ಮೊಮ್ಮಗಳಿಗೆ ಪರೀಕ್ಷೆ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗೋರು. ಒಬ್ಬಳೇ ಬಸ್ ಹತ್ತಿದೆ.

ಒಬ್ಬಳೇ ಹೋಟ್ಲಿಗೂ ಹೋದೆ. "ಸಾರು ಎಪ್ಪುಡೊಸ್ತಾರಮ್ಮಾ?" ಅಂತ ಹೋಟ್ಲೋನು ದಿನಾ ಕೇಳೋನು. ಇವರು ಯಾವಾಗ ಬತ್ತಾರೆ ಅಂತ ನನಗೇನು ಗೊತ್ತು? ನನ್ನ ಕಾಫೀಗೆ ಸಕ್ಕರೆ ಇತ್ತು, ರುಚಿ ಇರಲಿಲ್ಲ. ಬರ್ತಾ ಬರ್ತಾ ನಾನೂ ಬೇಡ ಅಂದ್ಬಿಟ್ಟೆ. ಟೈಪ್ ಮಾಡೋದು ಕಲ್ತಿದ್ದೂ ಆಗಲೇ. "ಕಾಫಿ ಆಯ್ತಾ" ಅಂತ ಬರೆದು ಕಳಿಸೋಕೆ. ವಿಡಿಯೋ ಕಾಲಲ್ಲಿ ಇವರು ಮಗಳ ಪಕ್ಕ ಕೂತು ಮುಷ್ಟಿ ಎತ್ತಿ ತೋರ್ಸೋರು. ಮುಷ್ಟಿ ಅಂದ್ರೆ ಏನೂ ಇಲ್ಲ, ಸೊನ್ನೆ. ಫೋನಲ್ಲಿ ತೋರ್ಸೋ ಮುಷ್ಟೀನ ಹೆಂಗೆ ನಂಬೋದು? ಟವಲ್ ಕೆಳಗಾಗಿದ್ರೆ ಕೈಯೇ ಹೇಳ್ತಿತ್ತು.

ನಿಜಾನೇ ಆಗಿದ್ರೆ ಇನ್ನೊಂದು ಚಿಂತೆ. ಸೊನ್ನೆ ಆದ್ಮೇಲೆ ಚೌಕಾಸಿ ಏನಿರ್ತದೆ? ಇನ್ನು ಟವಲ್ ಯಾಕೆ?

ಹೋದ ವಾರ ಬಂದ್ರು. ಗಾಯ ಮಾದೈತೆ, ಬೆರಳು ಉಳೀತು. ಬೆಳಿಗ್ಗೆ ಹೋಟ್ಲಲ್ಲಿ ಈ ಸಲ ಮೆಲ್ಲಗೆ ಹೇಳಿದ್ರು, ಸಕ್ಕರೆ ಬೇಡ, ಹಾಲೂ ಕಮ್ಮಿ ಇರ್ಲಿ ಅಂತ. ನಾನು ಬಿಡ್ತೀನಾ? ಅವರ ಲೋಟದಿಂದ ಒಂದು ಗುಟುಕು ಕುಡಿದು ನೋಡ್ದೆ. ಕಹಿ. ಶುದ್ಧ ಕಹಿ.

ಸರಿ, ಇನ್ನೇನು ಕೆಲಸ ಅಂತ ಕೈ ಮಡಿಲಲ್ಲಿ ಇಟ್ಕೊಂಡು ಕೂತೆ. ಅವರ ಹೆಗಲಿಂದ ಟವಲು ಜಾರ್ತು. ಬೆಂಚ್ ಮೇಲೆ, ನಮ್ಮಿಬ್ಬರ ನಡುವೆ. ಅದರ ಕೆಳಗಿಂದ ಕೈ ಬಂದು ನನ್ನ ಕೈ ಹುಡುಕ್ತು. ಎಷ್ಟು ಬೆರಳು ಅದುಮ್ತಾರೆ ಅಂತ ಕಾದೆ. ಒಂದೂ ಅದುಮಲಿಲ್ಲ.

"ಯಾವ ರೇಟ್ರೀ ಇದು?"

"ರೇಟಿಲ್ಲ ಕಣೆ" ಅಂದ್ರು, ಬೀದಿ ಕಡೆ ನೋಡ್ಕೊಂಡು. "ಸುಮ್ನೆ."

ಕಾಫಿ ಆರ್ತಾ ಇತ್ತು. ಆರ್ಲಿ ಅಂತ ಬಿಟ್ಟೆ.