ಬೊಂಡಾಸ್ ಬಿಟ್ಟ ಅತ್ತೆ, ಸೇತುವೆ ದಾಟದ ಅಜ್ಜ

ನಮ್ಮ ಅತ್ತೆ ಸಾಕಿದ ಪ್ರಾಣಿ, ಅವರು ಸಾಕಲು ಶುರು ಮಾಡುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಸತ್ತುಹೋಗಿತ್ತು. ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ನನಗೇನು ನಷ್ಟ! ಬೆಳ್ಳಾರೆ ಪೇಟೆಯಲ್ಲಿ ಯಾವ ಹೆಂಗಸನ್ನಾದರೂ ಕೇಳಿ ನೋಡಿ. ಅತ್ತೆಯ ಅಂಗಡಿಯಲ್ಲಿ ರವಿಕೆ ಹೊಲಿಸಿದವರು ಯಾರೂ ಆ ಪ್ರಾಣಿಗೊಂದು ಮುಖ ತೋರಿಸದೆ ಮನೆಗೆ ಹೋದದ್ದಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅಳತೆ ಸರಿ ಬರಲಿಲ್ಲ ಎಂದು ಹೇಳಿ, ಮುಂದಿನ ಪ್ರಶ್ನೆ ಬಾರದ ಹಾಗೆ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಳ್ಳುವರು. ಪುತ್ತೂರಿನ ಬಸ್ಸು ನಿಲ್ಲುವಲ್ಲಿ ಅವರ ಹೊಲಿಗೆ ಅಂಗಡಿ, ಅದರ ಹಿಂದಿನ ಒಂದು ಕೋಣೆಯೇ ಮನೆ. ಯಾರಾದರೂ ಬಂದು ಪಫ್ ಕೈ ಇಡಿ ಎಂದರೆ, ನಿಮ್ಮ ತೋಳಿಗೆ ಅದು ಚಂದ ಕಾಣುವುದಿಲ್ಲ ಎಂದು ಮುಖಕ್ಕೇ ಹೇಳಿ ತಮಗೆ ಸರಿ ಕಂಡ ಹಾಗೆ ಹೊಲಿದು ಕೊಡುವರು. ಬೈದುಕೊಂಡು ಹೋದವರೇ ಮುಂದಿನ ಮದುವೆಗೆ ಮತ್ತೆ ಬಟ್ಟೆ ಹಿಡಿದು ಬಂದು ನಿಲ್ಲುವರು.

ನಾನು ಆರನೇ ಕ್ಲಾಸಿನಲ್ಲಿರುವಾಗ ಗಲ್ಫಿನಲ್ಲಿದ್ದ ಚಿಕ್ಕಪ್ಪ ನನಗೊಂದು ಅಂಗೈಯಗಲದ ವಿಡಿಯೋ ಗೇಮ್ ತಂದುಕೊಟ್ಟರು. ರಜೆ ಸಿಕ್ಕಿದರೆ ಸಾಕು, ನಾನು ಅರಂತೋಡಿನ ನಮ್ಮ ಮನೆಯಿಂದ ಬಸ್ಸು ಹತ್ತಿ ಅತ್ತೆಯ ಅಂಗಡಿಗೆ ಓಡುತ್ತಿದ್ದೆ. ಬಟ್ಟೆಯ ಚೂರುಗಳ ರಾಶಿಯ ಮೇಲೆ ಕುಳಿತು ಆ ಗೇಮ್ ಮೆಷಿನ್ ಒತ್ತುವುದು, ಪಕ್ಕದಲ್ಲಿ ಅತ್ತೆಯ ಹೊಲಿಗೆ ಮೆಷಿನಿನ ಕಟಕಟ. ಅದಕ್ಕಿಂತ ದೊಡ್ಡ ಸುಖ ಆ ವಯಸ್ಸಿನಲ್ಲಿ ಇನ್ನೆಂತದ್ದು? ಈಗಲೂ ಹೊಸ ಲೈನಿಂಗ್ ಬಟ್ಟೆಯ ವಾಸನೆ ಬಂದರೆ ನನಗೆ ಬೇಸಗೆ ರಜೆ ಶುರುವಾದ ಹಾಗೆ ಆಗುತ್ತದೆ.

ಆಟ ಇಷ್ಟೇ. ಒಬ್ಬ ಹುಡುಗ ಊರೂರು ತಿರುಗಿ ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುತ್ತಾನೆ. ದಾರಿಯಲ್ಲಿ ಅಡ್ಡ ನಿಂತವರ ಪ್ರಾಣಿಗಳ ಜೊತೆ ಅವುಗಳನ್ನು ಕಾದಾಡಿಸಿ, ಗೆದ್ದರೆ ಮುಂದೆ ಹೋಗುತ್ತಾನೆ. ಒಂದು ದಿನ ನನ್ನ ಹುಡುಗನಿಗೆ ಗುಹೆಯೊಂದರಲ್ಲಿ ಒಂದು ಕಲ್ಲು ಸಿಕ್ಕಿತು. ಅದನ್ನು ಬಿಳಿ ಕೋಟಿನ ಮುದುಕನೊಬ್ಬನ ಕೈಗೆ ಕೊಟ್ಟೆ. ಅವನು ಏನೋ ಪೆಟ್ಟಿಗೆಗೆ ಹಾಕಿದ, ಬೆಳಕು ಮಿಂಚಿತು, ಕಲ್ಲು ಒಡೆದು ಪ್ರಾಣಿಯೊಂದು ಹೊರಗೆ ಬಂತು. ಬೆನ್ನ ಮೇಲೆ ಸುರುಳಿ ಸುತ್ತಿದ ಚಿಪ್ಪು, ಅದರ ಕೆಳಗೆ ಗಡ್ಡದ ಹಾಗೆ ಇಳಿಬಿದ್ದ ಹತ್ತು ಕೈ, ಕೋಟಿನ ಗುಂಡಿಯಂಥ ಎರಡು ಕಣ್ಣು. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲಿನಲ್ಲಿದ್ದು, ಸತ್ತು ಕಲ್ಲಾಗಿದ್ದ ಜೀವಿ ಇದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಅತ್ತೆಗೆ ಅದನ್ನು ಓದಿ ಹೇಳಿದೆ.

ಹೊಲಿಗೆ ಮೆಷಿನಿನ ಕಟಕಟ ನಿಂತಿತು. ಅತ್ತೆ ಬಾಯಿಯ ಸೂಜಿಗಳನ್ನೆಲ್ಲ ತೆಗೆದಿಟ್ಟರು. ಅಷ್ಟು ಮರ್ಯಾದೆಯನ್ನು ಅವರು ಪಂಚಾಯತಿನ ಅಧ್ಯಕ್ಷರಿಗೂ ಕೊಟ್ಟದ್ದನ್ನು ನಾನು ನೋಡಿಲ್ಲ.

"ಸತ್ತು ಕಲ್ಲಲ್ಲಿ ಇದ್ದದ್ದು ಎದ್ದು ಬಂದದ್ದಾ?"

ಹೌದೆಂದೆ.

"ಹಾಗಾದ್ರೆ ಇದು ಗುರುಕಾರಣರೇ ಮಾರಾಯ್ತಿ."

ಗುರುಕಾರಣರು ಎಂದರೆ ನಮ್ಮ ಕಡೆ ತೀರಿಹೋದ ಹಿರಿಯರು. ಅವರು ಕಲ್ಲಿನಲ್ಲಿ ನೆಲೆ ನಿಂತಿದ್ದಾರೆ ಎಂದರೆ ಅದಕ್ಕೆ ದೀಪ ಇಡುತ್ತೇವೆ, ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಎಲೆ ಹಾಕಿ ಬಡಿಸುತ್ತೇವೆ. ಅತ್ತೆಯ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಪ್ರಾಣಿಗೆ ಹೆಸರಿಡುವ ಜಾಗದಲ್ಲಿ ಅತ್ತೆ ಒಂದೇ ಗುಂಡಿಯನ್ನು ಒತ್ತಿ ಹಿಡಿದದ್ದರಿಂದ ಅದರ ಹೆಸರು ಆಟದ ದಾಖಲೆಯಲ್ಲಿ "ಆಆಆಆಆಆ" ಎಂದಾಯಿತು. ಅಂಗಡಿಯಲ್ಲಿ ಮಾತ್ರ ಅದಕ್ಕೆ "ಅಜ್ಜ" ಎಂದೇ ಹೆಸರು.

ಕಷ್ಟ ಶುರುವಾದದ್ದು ಇಲ್ಲಿಂದ. ಅಜ್ಜನನ್ನು ಕಾಳಗಕ್ಕೆ ಇಳಿಸಲು ಅತ್ತೆ ಬಿಡಲಿಲ್ಲ. ಸತ್ತು ಎದ್ದು ಬಂದ ಹಿರಿಯರನ್ನು ಬೀದಿ ಜಗಳಕ್ಕೆ ಕಳಿಸುವ ಕ್ರಮ ನಮ್ಮ ಕುಟುಂಬದಲ್ಲಿ ಇಲ್ಲ ಎಂದರು. ಅಜ್ಜನ ಬದಲಿಗೆ ಒಂದು ಬಡಕಲು ಹಕ್ಕಿ ಹೋಗಿ ಹೋಗಿ ಏಟು ತಿಂದು ಬರುತ್ತಿತ್ತು. ಮುಂದಿನ ಊರಿಗೊಂದು ಸೇತುವೆ ಇತ್ತು. ಅದರ ಬಾಯಿಯಲ್ಲಿ ಟೊಪ್ಪಿ ಹಾಕಿದ ಒಬ್ಬ ನಿಂತಿದ್ದ. ಅವನನ್ನು ಸೋಲಿಸದೆ ದಾಟುವ ಹಾಗಿಲ್ಲ. ಅಜ್ಜ ಇಳಿದಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಹಕ್ಕಿಯಿಂದ ಆಗುತ್ತದೆಯೇ? ನಾನು ಹೈಸ್ಕೂಲು ಮುಗಿಸಿ ಪುತ್ತೂರಿನ ಹಾಸ್ಟೆಲಿಗೆ ಹೋದೆ, ಮೆಷಿನನ್ನು ಅತ್ತೆಗೇ ಬಿಟ್ಟೆ. ಡಿಗ್ರಿ ಮುಗಿಸಿ ಬಂದು ನೋಡಿದರೆ ಟೊಪ್ಪಿಯವನು ಅಲ್ಲೇ ನಿಂತಿದ್ದಾನೆ! ಅವನಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವಾ ಎಂದು ಅತ್ತೆ ದಿನಾ ಬೈಯುತ್ತಿದ್ದರಂತೆ.

ಅಜ್ಜನಿಗೆ ಹೊತ್ತು ಹೊತ್ತಿಗೆ ಊಟ. ಆಟದಲ್ಲಿ ಕೊಡಲು ಸಿಗುವುದು ಹಣ್ಣು ಮಾತ್ರ. ಕಡಲಿನ ಜೀವಿ ಹಣ್ಣು ತಿಂದು ಎಷ್ಟು ದಿನ ಬದುಕೀತು ಎಂಬ ಚಿಂತೆ ಅತ್ತೆಗೆ. ಒಮ್ಮೆ ಕಡಬದಿಂದ ಮದುಮಗಳ ತಾಯಿಯೊಬ್ಬರು ರವಿಕೆ ಆಯಿತಾ ಎಂದು ಗಡಿಬಿಡಿಯಲ್ಲಿ ಬಂದರೆ, ಅತ್ತೆ ಒಂದು ಸ್ಟೂಲು ತೋರಿಸಿ, ಅಜ್ಜನ ಊಟ ಆಗುವವರೆಗೆ ಕೂರಲು ಹೇಳಿದರಂತೆ. ಆಕೆ ಪಾಪ, ಒಳಗೆ ಯಾರೋ ವಯಸ್ಸಾದವರು ಮಲಗಿದ್ದಾರೆ ಎಂದುಕೊಂಡು, ದನಿ ತಗ್ಗಿಸಿ, ಅಜ್ಜನಿಗೆ ಈಗ ಹೇಗುಂಟು ಎಂದು ವಿಚಾರಿಸಿದ್ದಾರೆ. ಹಸಿವೆ ಚೆನ್ನಾಗಿ ಉಂಟು, ಆದರೆ ನಡೆಯುವುದು ಕಮ್ಮಿ ಎಂದು ಅತ್ತೆ ಉತ್ತರ ಕೊಟ್ಟರು. ಮದುವೆ ಮುಗಿಸಿ ಆಕೆ ಅಜ್ಜನಿಗೆಂದು ಎಳನೀರು ಕಳಿಸಿದ್ದರು.

ಬೆಳಿಗ್ಗೆ ಬೈಕಿನಲ್ಲಿ ಹಾರ್ನ್ ಹೊಡೆಯುತ್ತ ಬರುವ ಮೀನಿನವರ ಕತೆ ಇನ್ನೂ ಚಂದ. ಮಂಗಳೂರಿನ ಬಂದರಿನ ಧಕ್ಕೆಯಿಂದ ಮೀನು ತರುವವರು, ಕಡಲಿನ ವಿಷಯ ಅವರಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂದು ಅತ್ತೆ ಮೆಷಿನನ್ನು ಅವರ ಮುಂದೆ ಹಿಡಿದು, ಇದು ಯಾವ ಜಾತಿಯದ್ದೆಂದು ಕೇಳಿದರು. ಅವರು ಗಂಭೀರವಾಗಿ ಕನ್ನಡಕ ಏರಿಸಿ ನೋಡಿದರು.

"ಇದು ಬೊಂಡಾಸೇ ಅಕ್ಕ. ಶಂಖದ ಒಳಗೆ ಹೊಕ್ಕಿದ್ದು ಅಷ್ಟೆ. ಧಕ್ಕೆಗೆ ಬರುದಿಲ್ಲ. ಬಂದ್ರೆ ಗಸಿ ಒಳ್ಳೆದಾಗ್ತದೆ."

ಬೊಂಡಾಸ್ ಎಂದರೆ ಹತ್ತು ಕೈಯ ಆ ಮೆತ್ತನೆಯ ಕಡಲಜೀವಿ. ಅತ್ತೆಗೆ ಅದರ ಒಣ ಮಸಾಲೆಯ ಸುಕ್ಕ ಎಂದರೆ ಪ್ರಾಣ. ಆ ದಿನದಿಂದ ಬಿಟ್ಟರು ನೋಡಿ! ಅಜ್ಜನ ಕುಲದವರನ್ನು ತಿನ್ನುವುದು ಹೇಗೆ? ಬಂಗುಡೆ, ಬೂತಾಯಿ ಮೀನೆಲ್ಲ ನಡೆಯಿತು. ಬೊಂಡಾಸ್ ಮಾತ್ರ ಅವರ ಬಾಣಲೆಗೆ ಮತ್ತೆ ಬೀಳಲಿಲ್ಲ.

ಗೇಮ್ ಮೆಷಿನಿನ ಗುಂಡಿಯೊಂದು ಒಮ್ಮೆ ಗಟ್ಟಿಯಾಯಿತು. ಬಸ್ಸು ಹತ್ತಿ ಪುತ್ತೂರಿಗೆ ಒಯ್ದರೆ ರಿಪೇರಿಯವನು, ಇದು ಹಳೆಯದಾಯಿತು, ಬಿಸಾಡಿ ಎಂದ. ಅವನ ಅಜ್ಜನನ್ನೂ ಹಳೆಯದಾದ ಮೇಲೆ ಬಿಸಾಡಿದರಾ ಎಂದು ಕೇಳಿ ಅತ್ತೆ ತಿರುಗಿ ಬಂದರು. ಹೊಲಿಗೆ ಮೆಷಿನಿಗೆ ಹಾಕುವ ಎಣ್ಣೆಯನ್ನೇ ಸೂಜಿಯ ತುದಿಯಲ್ಲಿ ಒಂದು ಹನಿ ಬಿಟ್ಟರು. ಗುಂಡಿ ಬಿಟ್ಟುಕೊಂಡಿತು. ಅಲ್ಲಿಂದ ಅಜ್ಜನ ಮೈಯಿಂದಲೂ ಹೊಲಿಗೆ ಅಂಗಡಿಯ ವಾಸನೆಯೇ ಬರುತ್ತಿತ್ತು.

ಇಷ್ಟೆಲ್ಲ ಆದರೂ ಅತ್ತೆಯ ಒಂದು ಆಸೆ ಮಾತ್ರ ಈಡೇರಲೇ ಇಲ್ಲ. ನಮ್ಮ ಮನೆಯಲ್ಲಿ ಗುರುಕಾರಣರಿಗೆ ಬಡಿಸುವ ದಿನ, ಅಜ್ಜನಿಗೂ ಒಂದು ಎಲೆ ಹಾಕಬೇಕು. ಎಲೆ ಹಾಕುವವರು ನನ್ನ ಅಪ್ಪ. ನಗುವುದಕ್ಕೂ ಮುಹೂರ್ತ ನೋಡುವಂಥ ಮನುಷ್ಯ. ಕೋಣೆಯಲ್ಲಿ ಕುಡಿಬಾಳೆಯ ಎಲೆಗಳನ್ನು ಸಾಲಾಗಿ ಹಾಸಿ, ಹೆಸರು ಹೇಳಿ ಹೇಳಿ ಅನ್ನ, ಕೋಳಿ, ಮೀನು ಬಡಿಸಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ಕ್ರಮ. ಪ್ರತಿ ವರ್ಷ ಅದೇ ಹೊತ್ತಿಗೆ ಅಕ್ಕ ತಮ್ಮನ ವಾದ.

"ಆಟದ ಹುಳುವಿಗೆಲ್ಲ ಎಲೆ ಹಾಕ್ಲಿಕ್ಕೆ ಆಗುದಿಲ್ಲ ಅಕ್ಕ. ನಮ್ಮವರು ಯಾರಾದ್ರೂ ಸತ್ತಿದ್ರೆ ಹೇಳು."

"ಅದು ನಮ್ಮೆಲ್ಲರಿಗಿಂತ ಮೊದ್ಲೇ ಸತ್ತದ್ದಲ್ವಾ? ಮತ್ತೆ ಹಿರಿಯರು ಅಂದ್ರೆ ಎಂತ ತಮ್ಮ?"

ಅಪ್ಪ ಇದ್ದ ಎಲೆಗಳಿಗಷ್ಟೇ ಬಡಿಸಿ ಬಾಗಿಲು ಎಳೆದುಕೊಳ್ಳುವರು. ಅತ್ತೆ ಮುಖ ಊದಿಸಿಕೊಂಡು ತಮ್ಮ ಊಟವನ್ನು ಜಗಲಿಗೆ ಒಯ್ದು, ತಟ್ಟೆಯ ಮುಂದೆ ಮೆಷಿನನ್ನು ನಿಲ್ಲಿಸಿ, ಒಂದು ತುತ್ತು ತೋರಿಸಿ ತಾವು ತಿನ್ನುವರು. ಊಟದ ಮಧ್ಯೆ ಚಾರ್ಜು ಮುಗಿದು ಪರದೆ ಕಪ್ಪಾಗುವುದು. ನಾವು ನಕ್ಕರೆ ಬೆರಳು ತುಟಿಗಿಟ್ಟು ಹೇಳುವರು, "ಉಂಡು ಮಲಗಿತು. ಎಬ್ಬಿಸ್ಬೇಡಿ."

ಒಮ್ಮೆ ನಾನು ಕೆಣಕಿದೆ. ಒಂದೇ ಒಂದು ಸಲ ಅಜ್ಜನನ್ನು ಇಳಿಸಿ ಅತ್ತೆ, ಸೇತುವೆ ದಾಟಿಬಿಡುವ, ಆಚೆ ಕಡಲೇ ಉಂಟು, ಅದರ ಊರು ಎಂದೆ. ಅತ್ತೆ ಕತ್ತರಿ ಕೆಳಗಿಟ್ಟು, ಪರದೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಕಡಲು ಸಿಕ್ಕಿದ ಮೇಲೆ ಅದು ನನ್ನೊಟ್ಟಿಗೆ ಯಾಕೆ ಇರ್ತದೆ?" ಎಂದರು. ಆಮೇಲೆ ಕತ್ತರಿ ತೆಗೆದುಕೊಂಡು, ಆ ಟೊಪ್ಪಿಯವನು ಅಲ್ಲೇ ನಿಂತಿರಲಿ, ಅವನಿಂದ ಯಾರಿಗೂ ಉಪದ್ರ ಇಲ್ಲ ಎಂದುಬಿಟ್ಟರು. ನಾನು ಮತ್ತೆ ಸೇತುವೆಯ ಮಾತೆತ್ತಲಿಲ್ಲ.

ಹೋದ ವರ್ಷ ಅತ್ತೆ ತೀರಿಹೋದರು. ಬೆಳಿಗ್ಗೆ ಮೀನಿನವರು ಎಷ್ಟು ಹಾರ್ನ್ ಹೊಡೆದರೂ ಹೊರಗೆ ಬರಲಿಲ್ಲ. ಹಾಸಿಗೆಯಲ್ಲೇ ಹೋಗಿದ್ದರು, ತಲೆದಿಂಬಿನ ಪಕ್ಕ ಅಜ್ಜ. ಅಂಗಡಿಯಿಂದ ನಮ್ಮ ಮನೆಗೆ ಬಂದದ್ದು ಅವರ ಕತ್ತರಿ, ಅಳತೆಯ ಟೇಪು ಮತ್ತು ಆ ಗೇಮ್ ಮೆಷಿನ್. ಮೆಷಿನನ್ನು ನಾನು ಚಾರ್ಜು ಹಾಕಿ ಕಪಾಟಿನಲ್ಲಿಡುತ್ತಿದ್ದೆ. ತೆರೆದು ನೋಡುವ ಧೈರ್ಯ ಇರಲಿಲ್ಲ.

ಈ ವರ್ಷ ಬಡಿಸುವ ದಿನ ಬಂತು. ಅತ್ತೆಯನ್ನು ಹಿರಿಯರ ಸಾಲಿಗೆ ಸೇರಿಸುವ ಕ್ರಮ ಮುಗಿದಿತ್ತು, ಹಾಗಾಗಿ ಅವರಿಗೂ ಎಲೆ. ಅಪ್ಪ ಎಲ್ಲರ ಹೆಸರು ಹೇಳಿ ಬಡಿಸುತ್ತ ಬಂದು, ಕೊನೆಗೆ "ಅಕ್ಕ" ಎಂದು ಮಾತ್ರ ಹೇಳಿ ಬಂಗುಡೆಯ ದೊಡ್ಡ ತುಂಡನ್ನು ಆ ಎಲೆಗೆ ಹಾಕಿದರು. ಇನ್ನು ಬಾಗಿಲು ಎಳೆಯುವುದು ಎಂದುಕೊಂಡು ನಾವೆಲ್ಲ ಹಿಂದೆ ಸರಿದೆವು. ಅಪ್ಪ ಸರಿಯಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಎಲೆಯ ಕುಡಿ ಕೊಯ್ದು ತಂದು ಅಕ್ಕನ ಎಲೆಯ ಪಕ್ಕ ಹಾಸಿದರು. ನನ್ನ ಕಡೆ ನೋಡದೆ, ಆ ಮೆಷಿನ್ ಎಲ್ಲುಂಟು ಎಂದು ಕೇಳಿದರು.

ತಂದು, ಸ್ವಿಚ್ ಒತ್ತಿ, ಎಲೆಯ ಮುಂದೆ ನಿಲ್ಲಿಸಿದೆ. ಅಜ್ಜ ಗುಂಡಿಯಂಥ ಕಣ್ಣು ಬಿಟ್ಟು ನೋಡಿತು.

"ಇದು ಎಂತ ತಿನ್ನುದು?"

"ಹಣ್ಣು ಅಪ್ಪ."

ಅಪ್ಪ ಕದಳಿ ಬಾಳೆಹಣ್ಣೊಂದನ್ನು ಸುಲಿದು, ಚಿಕ್ಕದಾಗಿ ತುಂಡು ಮಾಡಿ ಎಲೆಯ ಮೇಲಿಟ್ಟರು. ಅಷ್ಟು ಚಿಕ್ಕದಾಗಿ ಅವರು ನನಗೂ ತುಂಡು ಮಾಡಿ ಕೊಟ್ಟದ್ದು ನೆನಪಿಲ್ಲ. ಬಾಗಿಲು ಎಳೆದುಕೊಂಡು ನಾವು ಹೊರಗೆ ನಿಂತೆವು. ಜಗಲಿಯಲ್ಲಿ ಅತ್ತೆ ಮುಖ ಊದಿಸಿಕೊಂಡು ಕೂರುತ್ತಿದ್ದ ಜಾಗ ಖಾಲಿ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲು ತೆರೆದಾಗ ಪರದೆ ಕಪ್ಪಾಗಿತ್ತು. ಹಳೆಯ ಬ್ಯಾಟರಿ, ಎಷ್ಟು ಹೊತ್ತು ತಡೆದೀತು? ಚಾರ್ಜು ಹಾಕೋಣವೆಂದು ನಾನು ಕೈ ಚಾಚಿದೆ. ಅಪ್ಪ ನನ್ನ ಕೈ ಹಿಡಿದರು.

"ಎಬ್ಬಿಸ್ಬೇಡ," ಎಂದರು, "ಇಬ್ರೂ ಉಂಡು ಮಲಗಿದ್ದಾರೆ."