ಟವೆಲ್ಲಿನ ಗಂಟು

ಮಳೆಗಾಲಕ್ಕೆ ವಾರವೂ ಉಳಿದಿರಲಿಲ್ಲ. ಗಾಳಿ ಎದ್ದಾಗಲೆಲ್ಲ ಊರಿನವರಿಗೆ ಅಟ್ಟದ ಮೇಲಿನ ಕೊಡೆ ನೆನಪಾಗುತ್ತಿತ್ತು. ಕೊಡೆ ರಿಪೇರಿಯವನ ಜಗಲಿಯಲ್ಲಿ ಮುರಿದ ಕೊಡೆಗಳು ಬಾವಲಿಗಳಂತೆ ತಲೆಕೆಳಗಾಗಿ ತೂಗುತ್ತಿದ್ದವು. ಬೆಳಕು ಹರಿಯುವ ಮೊದಲೇ ಅವನು ಕೂತು ಕಡ್ಡಿಗೆ ತಂತಿ ಸುತ್ತುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಟವೆಲ್ಲಿನ ತುದಿಯಲ್ಲೊಂದು ಗಂಟು.

ಆ ದಿನದ ರಗಳೆಗೆಲ್ಲ ಮೂಲ ಆ ಗಂಟೇ.

ಹೋದ ತಿಂಗಳು ಜ್ವರ ಬಂದು ಅವನು ಒಂಬತ್ತು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ. ಕೆಲಸದಿಂದ ನಿವೃತ್ತರಾಗಿ ಮೇಲಿನ ಬೀದಿಯಲ್ಲಿದ್ದ ನರ್ಸಮ್ಮ ದಿನಕ್ಕೆರಡು ಸಲ ಬಂದು, ಸೂಜಿ ಚುಚ್ಚಿ, ಔಷಧಿ ಕುಡಿಸಿ ಅವನನ್ನು ಎಬ್ಬಿಸಿ ಕೂರಿಸಿದ್ದರು. ಏನು ಕೊಡಲಿ ಎಂದು ಕೇಳಿದರೆ ನಕ್ಕರು.

"ಒಂದೇ ಒಂದು ದಿನ ನೀನು ಯಾರು ಅನ್ನೋದನ್ನ ಮರೀದೆ ಇರು ತಮ್ಮಾ. ಈ ಕೈಕಾಲೂ ಅಲ್ಲ, ಈ ಕೊಡೆಗಳೂ ಅಲ್ಲ. ಅಷ್ಟು ಜ್ವರದಲ್ಲೂ ಒಳಗೊಂದು ದೀಪ ಆರದೇ ಇತ್ತಲ್ಲ, ಅದು ನೀನು. ಬೆಳಗಿಂದ ಸಂಜೆವರೆಗೆ ನೆನಪಿಟ್ಕೊಂಡು, ಬಂದು ಹೇಳು. ಅದೇ ನನ್ನ ಫೀಸು."

ಬದುಕಿ ಉಳಿದ ಖುಷಿಯಲ್ಲಿ ಅವನು ಹೂಂ ಎಂದಿದ್ದ. ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಮೊದಲ ಕೊಡೆ ಬಿಚ್ಚುವಷ್ಟರಲ್ಲಿ ದೀಪ ಮರೆತುಹೋಗಿತ್ತು. ಪ್ರಾಣ ಉಳಿಸಿದವರಿಗೆ ಇಷ್ಟೂ ಕೊಡಲಾರೆನೇ ಎಂದು ನಾಚಿಕೆಯಾಗಿ ಇವತ್ತು ಗಂಟು ಹಾಕಿಕೊಂಡಿದ್ದ.

ಹೆಂಡತಿ ಹೊರಗೆ ಬಂದವಳು ಗಂಟು ನೋಡಿ ಅರಳಿದಳು. "ರೀ, ಬಾವಿ ಹಗ್ಗ ತರೋದು ಮರೀಬಾರದು ಅಂತ ತಾನೇ? ಇಪ್ಪತ್ತು ವರ್ಷದಲ್ಲಿ ಇದೇ ಮೊದಲ ಸಲ ನನ್ನ ಮಾತು ನಿಮ್ಮ ತಲೆಯೊಳಗೆ ಇಳಿದದ್ದು!"

ಅವಳ ಮುಖ ನೋಡಿದ ಮೇಲೆ ಇದು ಆತ್ಮದ ಗಂಟು ಕಣೇ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಹೂಂ, ಹಗ್ಗ" ಎಂದ. ಅವಳು ನೀರಿಗೆ ಹೋದವಳು ಬಾವಿಕಟ್ಟೆಯಲ್ಲೆಲ್ಲ ಸಾರಿದಳು. "ನಮ್ಮೋರು ಗಂಟು ಹಾಕಿದ್ರು ಅಂದ್ರೆ ಕೆಲಸ ಆಯ್ತು ಅಂತಲೇ!"

ಮೊದಲು ಬಂದವರು ನರ್ಸಮ್ಮನೇ. ಕಡ್ಡಿ ಕಿತ್ತುಹೋದ ಕೊಡೆಯೊಂದನ್ನು ಬಾಗಿಲ ಹಿಂದೆ ಒರಗಿಸಿ, "ಸಂಜೆಗೆ ಬೇಕು ತಮ್ಮಾ. ಮಳೆ ಬಂದ್ರೆ ಕಾಯಿಲೆಯವರ ಮನೆಗೆ ಹೋಗೋದು ಹೇಗೆ?" ಎಂದರು. ಅವನು ಎರಡನೆಯ ಗಂಟು ಹಾಕಿದ.

ಆಮೇಲೆ ಸಾಲು ಹತ್ತಿತು. ಪಕ್ಕದ ಮನೆಯ ಅತ್ತೆಗೆ ಮಂಚದ ಕಾಲು ಸರಿಯಾಗಬೇಕು. ಹಿಟ್ಟಿನ ಗಿರಣಿಯವನ ಚೀಟಿ ಅವನ ಬೀಗರ ಮನೆಗೆ ತಲುಪಬೇಕು. ಕಟಿಂಗ್ ಅಂಗಡಿಯವನಿಗೆ ಕುರ್ಚಿ ಅಲ್ಲಾಡಬಾರದು.

"ನನ್ನದೂ ಒಂದು ಗಂಟು ಹಾಕು ಭಾವ. ಗಟ್ಟಿಯಾಗಿ ಹಾಕು, ನೀನು ಮೊದಲೇ ಮರೆಗುಳಿ!" ಎಂದ ಕಟಿಂಗ್ ಅಂಗಡಿಯವನು.

ಕೊಡೆಯವನಿಗೆ ರೇಗಿತು. ಬಾಯಿ ತೆರೆದವನು ಗಂಟು ಕಂಡು, ನಾನು ದೀಪ, ನಾನು ದೀಪ ಎಂದುಕೊಂಡು ಮೆಲ್ಲಗೆ ನಕ್ಕ. ಕಟಿಂಗ್ ಅಂಗಡಿಯವನು ಗಾಬರಿಯಾಗಿ ಹಣೆ ಮುಟ್ಟಿ ನೋಡಿದ. "ಯಾಕೋ, ಮತ್ತೆ ಜ್ವರ ಬಂತಾ?"

ಹನ್ನೊಂದರ ಹೊತ್ತಿಗೆ ಟವೆಲ್ಲು ಹಾಗಲಕಾಯಿಯಂತಾಗಿತ್ತು. ಅವನು ಕೆಲಸ ಮುಗಿಸಿದಂತೆಲ್ಲ ಒಂದೊಂದೇ ಗಂಟು ಬಿಚ್ಚಿದ. "ನೀನು ಬದುಕಿದ್ದು ನಮ್ಮ ಪುಣ್ಯ ಕಣಪ್ಪ, ಇಲ್ಲದಿದ್ರೆ ಈ ಮಂಚ ಯಾರು ನೋಡ್ತಿದ್ರು?" ಎಂದು ಅತ್ತೆ ಕಣ್ಣೊರೆಸಿಕೊಂಡರು. ಮಧ್ಯಾಹ್ನ ಹಗ್ಗ ತಂದು ಊಟಕ್ಕೆ ಕೈ ತೊಳೆಯಲು ಹೋದಾಗ ಹೆಂಡತಿ ಟವೆಲ್ಲು ಎತ್ತಿಕೊಂಡು, "ನಂದು ಆಯ್ತಲ್ಲ" ಎಂದು ತನ್ನ ಕೈಯಾರೆ ತುದಿಯ ಗಂಟು ಬಿಚ್ಚಿ ಮಡಿಸಿಟ್ಟಳು.

ಸಂಜೆ ಕುರ್ಚಿಯ ತಿರುಪು ಬಿಗಿದು ಹೊರಗೆ ಬಂದಾಗ ಟವೆಲ್ಲಿನಲ್ಲಿ ಉಳಿದಿದ್ದದ್ದು ಒಂದೇ ಗಂಟು. ಅವನ ಎದೆ ತುಂಬಿ ಬಂತು. ಊರಿನ ಕೆಲಸವೂ ಆಯಿತು, ಅದೂ ಉಳಿಯಿತು! ಮೋಡ ಕಪ್ಪಗಾಗುತ್ತಿದ್ದರೂ ಮೇಲಿನ ಬೀದಿಗೆ ಓಡಿದ.

"ಅಮ್ಮಾ, ಫೀಸು ತಂದೆ! ನೋಡಿ, ಎಲ್ಲ ಬಿಚ್ಚಿದ್ರೂ ಇದೊಂದನ್ನ ಬಿಟ್ಟಿಲ್ಲ. ನಾನು ಯಾರು ಅನ್ನೋ ಗಂಟು!"

ನರ್ಸಮ್ಮ ಕನ್ನಡಕ ಏರಿಸಿ ಗಂಟನ್ನು ನೋಡಿದರು. ಅವನ ಖಾಲಿ ಕೈ ನೋಡಿದರು. ಆಕಾಶ ನೋಡಿದರು.

"ಸಂತೋಷ ತಮ್ಮಾ. ನನ್ನ ಕೊಡೆ ಎಲ್ಲಿ?"

ಬಾಗಿಲ ಹಿಂದೆ ಒರಗಿದ್ದ ಕೊಡೆ ಅವನ ಕಣ್ಣೆದುರು ಬಂತು. ಅದರ ಹಿಂದೆಯೇ ಟವೆಲ್ಲು ಮಡಿಸುತ್ತಿದ್ದ ಹೆಂಡತಿಯೂ ನೆನಪಾದಳು. ಅವಳು ಬಿಚ್ಚಿದ್ದು ಆತ್ಮದ ಗಂಟು, ಉಳಿದದ್ದು ಕೊಡೆಯ ಗಂಟು! ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಸಂಗತಿ ಕೇಳಿದ ನರ್ಸಮ್ಮ ಹೊಟ್ಟೆ ಹಿಡಿದು ನಕ್ಕರು.

"ಫೀಸು ಬಾಕಿ ಇರಲಿ, ಓಡಿ ಹೋಗೋನಲ್ಲ ನೀನು. ಮೊದಲು ಕೊಡೆ ರಿಪೇರಿ ಮಾಡ್ಕೊಂಡು ಬಾ."

ಅವನು ಬೀದಿಗಿಳಿಯುವಷ್ಟರಲ್ಲಿ ಮಳೆ ಸುರಿಯಿತು. ಬೀದಿಯುದ್ದಕ್ಕೂ ಅವನೇ ರಿಪೇರಿ ಮಾಡಿದ ಕೊಡೆಗಳು ಅರಳಿದವು. "ಒಂದು ಹನೀನೂ ಸೋರ್ತಿಲ್ಲ, ನಿನ್ನ ಕೈ ತಣ್ಣಗಿರಲಿ!" ಎಂದು ಯಾರೋ ಕೂಗಿದರು. ಕೊಡೆಯಿಲ್ಲದೆ ನೆನೆಯುತ್ತಿದ್ದವನು ಇಡೀ ಊರಿಗೆ ಅವನೊಬ್ಬನೇ. ತಲೆ ತೊಯ್ದು, ಮೈ ತೊಯ್ದು, ತಲೆಗೆ ಹೊದ್ದ ಟವೆಲ್ಲಿನ ಗಂಟಿನಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೂ ಒಳಗೆಲ್ಲೋ ಒಂದು ಕಡೆ ಬೆಚ್ಚಗಿತ್ತು. ಜ್ವರದಿಂದೆದ್ದ ಬೆಳಿಗ್ಗೆಯೂ ಹೀಗೇ ಬೆಚ್ಚಗಿತ್ತು. ಅವನು ನಡುಬೀದಿಯಲ್ಲಿ ನಿಂತುಬಿಟ್ಟ. ಇದೇ ಅಲ್ಲವೇ ಆ ದೀಪ!

"ಭಾವಾ!" ಎದುರಿನ ಕೊಡೆಯೊಳಗಿಂದ ಕಟಿಂಗ್ ಅಂಗಡಿಯವನು ಕೂಗಿದ. "ಕುರ್ಚಿ ಮತ್ತೆ ಅಲ್ಲಾಡ್ತಿದೆ ಕಣೋ!"

ಅವನ ಕೈ ತಾನಾಗಿಯೇ ಟವೆಲ್ಲಿನ ತುದಿ ಹುಡುಕಿತು.